ಹೆಸರೊಂದು ಹಾಕಲಿಲ್ಲ ನೀವು

ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಆ ಹೊತ್ತಿಗೆ ನಮಗೆ ಫೋನ್ ಬಂದರೆ ಅದು ಅಪಘಾತದ ಸುದ್ದಿಯೇ. ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿದೆ, ಪಾಣೆಮಂಗಳೂರಿನಲ್ಲಿ ಬೈಕಿಗೆ ಬಸ್ ತಾಗಿದೆ, ಫೋಟೋ ಬೇಕಾ ಎಂದು ಯಾರಾದರೂ ಕೇಳುವುದು. ಹಾಗಾಗಿ ಕ್ಯಾಮೆರಾ ಚೀಲಕ್ಕೆ ಕೈ ಹಾಕುತ್ತಲೇ ಹಲೋ ಎಂದೆವು. ಆ ಕಡೆಯಿಂದ ಮಾತಿಲ್ಲ. ಮಾಡಿನ ತಗಡಿಗೆ ಮಳೆ ಬೀಳುವ ಸದ್ದು ಮಾತ್ರ. ಆಮೇಲೆ ನಮ್ಮ ಗೆಳತಿಯ ಸ್ವರ: "ನಿಮ್ಮ ರೂಮಿಗೆ ಬರ್ಲಾ? ಈಗಲೇ?"

ಬಂದಳು. ಕೈಯಲ್ಲಿ ಕೊಡೆ ಇತ್ತು, ಬಿಡಿಸಿರಲಿಲ್ಲ. ಬಾಗಿಲು ಹಾಕಿ ಚಿಲಕ ಸರಿಯಾಗಿ ಬಿದ್ದಿದೆಯಾ ಎಂದು ಎರಡು ಸಲ ನೋಡಿದಳು. ಮತ್ತೆ ಕೇಳಿದ ಮೊದಲ ಮಾತು ಇದು: "ನಾನೊಂದು ಹೇಳ್ತೇನೆ. ಪೇಪರಿಗೆ ಬರುವುದಿಲ್ಲ ಅಲ್ವಾ?"

ಹತ್ತಕ್ಕೂ ಹೆಚ್ಚು ವರ್ಷದ ಗೆಳೆತನ ನಮ್ಮದು. ಅವಳ ಮನೆಯ ಪತ್ರೊಡೆ ತಿಂದಿದ್ದೇವೆ, ಅವಳ ಅಣ್ಣನ ಮದುವೆಯಲ್ಲಿ ಬಡಿಸಿದ್ದೇವೆ. ಅಂಥವಳು ಆ ಹೊತ್ತಿನಲ್ಲಿ ನಮ್ಮನ್ನು ಮೊದಲು ಪೇಪರಿನವರಾಗಿ ಕಂಡಳು, ಆಮೇಲೆ ಗೆಳತಿಯರಾಗಿ. ಮನಸ್ಸಿಗೆ ಚುಚ್ಚಿತು. ಅದಕ್ಕೊಂದು ಕಾರಣ ಇತ್ತು, ಮುಂದೆ ಹೇಳುತ್ತೇವೆ.

ನಾವು ಎಂದರೆ ಇಬ್ಬರು. ಒಟ್ಟಿಗೆ ಡಿಪ್ಲೊಮಾ ಮಾಡಿದವರು. ಮೆಲ್ಕಾರಿನಲ್ಲಿ, ಹೆದ್ದಾರಿಯಿಂದ ಮುಡಿಪು ಕಡೆಗೆ ರಸ್ತೆ ಕವಲೊಡೆಯುವ ಜಾಗಕ್ಕೆ ಹತ್ತಿರ, ಒಂದು ರೂಮು, ಒಂದು ಸ್ಕೂಟರು. ಒಬ್ಬಳು ಬರೆಯುವುದು, ಒಬ್ಬಳು ಫೋಟೋ ತೆಗೆಯುವುದು. ಸಂಬಳ ಇಲ್ಲ, ಸುದ್ದಿಗೆ ಇಷ್ಟು ಎಂದು ಲೆಕ್ಕ. ತಾಲೂಕಿನಲ್ಲಿ ಸ್ಟ್ರಿಂಜರ್ ಎಂದರೆ ಇಷ್ಟೇ.

ಗೆಳತಿಯ ಊರು, ಕೆಲಸ, ವಯಸ್ಸು, ಜಾತಿ, ಮನೆಯವರ ಲೆಕ್ಕ ಯಾವುದೂ ಇಲ್ಲಿ ಸಿಗುವುದಿಲ್ಲ. ಹುಡುಕಬೇಡಿ. ಕೆಲವನ್ನು ಬಿಟ್ಟಿದ್ದೇವೆ, ಕೆಲವನ್ನು ಬೇಕೆಂದೇ ಬದಲಿಸಿದ್ದೇವೆ. ಬರೆದದ್ದನ್ನು ಅವಳಿಗೆ ಪೂರ್ತಿ ಓದಿ ಹೇಳಿದ್ದೇವೆ. ಎರಡು ಕಡೆ ತೆಗೆಸಿದಳು. ಒಂದು ಕಡೆ ಸೇರಿಸಿದಳು.

ಅವಳಿಗೆ ಆದದ್ದು ಅತ್ಯಾಚಾರ. ಮಾಡಿದವನು ಪರಿಚಯದವನು. ದಾರಿಯಲ್ಲಿ ಹೊಂಚು ಹಾಕುವ ಅಪರಿಚಿತ ಎಂದು ನಾವೆಲ್ಲ ಚಿಕ್ಕಂದಿನಿಂದ ಹೆದರಿಕೊಂಡು ಬಂದಿದ್ದೇವೆ. ಆದರೆ ದೇಶದ ಅಪರಾಧ ದಾಖಲೆ ವಿಭಾಗದ ಲೆಕ್ಕದಲ್ಲಿ ವರ್ಷ ವರ್ಷವೂ ನೂರಕ್ಕೆ 90ಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಪರಿಚಯದವನೇ: ನೆರೆಯವನು, ನೆಂಟ, ಕೆಲಸ ಕೊಟ್ಟವನು, ಗೆಳೆಯ. ಈ ಲೆಕ್ಕವನ್ನು ನಾವೇ ಒಮ್ಮೆ ಮಹಿಳಾ ದಿನಾಚರಣೆಯ ಲೇಖನಕ್ಕೆ ಬರೆದಿದ್ದೆವು. ಬರೆಯುವುದು ಬೇರೆ, ಚಾಪೆಯ ಮೇಲೆ ಮೊಣಕಾಲು ತಬ್ಬಿ ಕುಳಿತವಳ ಬಾಯಿಂದ ಕೇಳುವುದು ಬೇರೆ.

ಮೊದಲ ಅರ್ಧ ಗಂಟೆಯಲ್ಲಿ ನಾವು ಮಾಡಿದ ತಪ್ಪು ಹೇಳಿಬಿಡುತ್ತೇವೆ. ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದೇ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಅದೇ ಪಟ್ಟಿ ಬಾಯಿಗೆ ಬಂತು. ಎಷ್ಟು ಗಂಟೆಗೆ? ನೀನು ಅಲ್ಲಿಗೆ ಯಾಕೆ ಹೋದದ್ದು? ಬೊಬ್ಬೆ ಹಾಕಲಿಲ್ಲವಾ? ಕೇಳಿದ್ದು ಪ್ರೀತಿಯಿಂದಲೇ. ಆದರೆ "ಯಾಕೆ" ಎನ್ನುವ ಪ್ರಶ್ನೆ ಅವಳ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡೆವು. ಮಾತು ನಿಲ್ಲಿಸಿದಳು. ನೆಲದ ಟೈಲ್ಸನ್ನು ಉಗುರಿನಿಂದ ಗೀರುತ್ತಾ ಕುಳಿತಳು. ಎಷ್ಟೋ ಹೊತ್ತಿನ ಮೇಲೆ, "ಹಾಕ್ಬೇಕಿತ್ತು ಅಲ್ವಾ? ಸ್ವರವೇ ಬರ್ಲಿಲ್ಲ" ಎಂದಳು.

ಆ ಒಂದು ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮಗೆ ತಿಂಗಳುಗಳು ಬೇಕಾದವು. ವಿಪರೀತ ಹೆದರಿಕೆಯಲ್ಲಿ ಮೈ ಮರಗಟ್ಟುತ್ತದೆ, ಕೈಕಾಲು ಆಡುವುದಿಲ್ಲ, ಸ್ವರ ಹೊರಡುವುದಿಲ್ಲ. ಹಾವು ಕಂಡಾಗ ನಿಂತಲ್ಲೇ ನಿಲ್ಲುವುದಿಲ್ಲವೇ, ಹಾಗೆ. ಕಾನೂನಿಗೂ ಇದು ಗೊತ್ತುಂಟು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಬರೆದಿದೆ: ಹೆಂಗಸು ಮೈಯಲ್ಲಿ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎಂದು ತಿಳಿಯುವ ಹಾಗಿಲ್ಲ. ಹಳೆಯ ಕಾನೂನಿನಲ್ಲೂ ಇದು ಇತ್ತು. ಊರಿನ ಕಟ್ಟೆಗೆ ಮಾತ್ರ ಇನ್ನೂ ತಲುಪಿಲ್ಲ.

ಅಷ್ಟರಲ್ಲಿ ನಮ್ಮಲ್ಲೊಬ್ಬಳು ಎದ್ದು ಗಂಜಿಗೆ ನೀರಿಟ್ಟಳು. ಅವತ್ತು ಬೆಳಿಗ್ಗೆ ನಾವು ಮಾಡಿದ ಮೊದಲ ಸರಿಯಾದ ಕೆಲಸ ಅದು. ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ನಾಲ್ಕು ಚಮಚ ಉಂಡಳು. ಉಂಡ ಮೇಲೆ ತಾನಾಗಿ ಹೇಳಿದಳು, ಎಷ್ಟು ಹೇಳಬೇಕೋ ಅಷ್ಟು. ನಾವು ಕೇಳಿಸಿಕೊಂಡೆವು. "ನೀನು ಹೇಳಿದ್ದನ್ನು ನಂಬುತ್ತೇವೆ" ಎಂದು ಬಾಯಿಬಿಟ್ಟು ಹೇಳಿದೆವು. ನಮ್ಮ ಕಡೆ ಪ್ರೀತಿ, ನಂಬಿಕೆಯನ್ನೆಲ್ಲ ಬಾಯಲ್ಲಿ ಹೇಳುವ ಕ್ರಮ ಇಲ್ಲ, ಸಿನಿಮಾದವರ ಹಾಗೆ ಆಗುತ್ತದೆ ಎಂದು ನಾಚಿಕೆ. ಈಗ ಕೇಳಿದರೆ ಅವಳು ಹೇಳುವುದು, ಆ ದಿನ ಅವಳಿಗೆ ನೆನಪಿರುವುದು ಆ ಮಾತು ಮತ್ತು ಗಂಜಿ.

ಅವಳು ರಾತ್ರಿಯೇ ಮಿಂದಾಗಿತ್ತು. ಮೂರು ಸಲ ಮಿಂದೆ ಎಂದಳು. ಹಾಕಿದ್ದ ಚೂಡಿದಾರ ಬಕೆಟಿನಲ್ಲಿ ಸೋಪಿನ ನೀರಿನಲ್ಲಿ ನೆನೆಯುತ್ತಿದೆಯಂತೆ. "ಅಯ್ಯೋ, ಪುರಾವೆ ಹೋಯ್ತಲ್ಲ" ಎಂದು ನಮ್ಮಲ್ಲೊಬ್ಬಳ ಬಾಯಿಂದ ಬಂದುಬಿಟ್ಟಿತು. ಇನ್ನೊಂದು ತಪ್ಪು. ಮೀಯದೆ, ಬಟ್ಟೆ ಒಗೆಯದೆ ಇದ್ದರೆ ಒಳ್ಳೆಯದು, ಬಟ್ಟೆಯನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕದೆ ಕಾಗದದ ಲಕೋಟೆಯಲ್ಲಿ ಇಟ್ಟರೆ ಒಳ್ಳೆಯದು ಎನ್ನುವುದು ನಿಜ. ಆದರೆ ಮಿಂದವಳ ಕೇಸು ಮುಗಿಯಿತು ಎನ್ನುವುದು ಸುಳ್ಳು. ಸಂತ್ರಸ್ತೆಯ ಮಾತು ನಂಬಲರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಎಷ್ಟೋ ತೀರ್ಪುಗಳಲ್ಲಿ ಹೇಳಿದೆ. ತಡವಾದರೂ ಬಾಗಿಲು ಮುಚ್ಚುವುದಿಲ್ಲ. ಹಾಸನದ ಆಗಿನ ಸಂಸದ ಪ್ರಜ್ವಲ್ ರೇವಣ್ಣನ ಮೇಲಿನ ಪ್ರಕರಣ ನೋಡಿ. 2021ರಲ್ಲಿ ನಡೆದದ್ದಕ್ಕೆ ಮನೆಕೆಲಸದ ಮಹಿಳೆ ದೂರು ಕೊಟ್ಟದ್ದು 2024ರಲ್ಲಿ. ವರ್ಷಗಳ ಹಿಂದಿನ ಒಂದು ಸೀರೆಯಿಂದ ಸಿಕ್ಕ ಡಿಎನ್‌ಎ ಮುಖ್ಯ ಸಾಕ್ಷಿಯಾಯಿತು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಅಷ್ಟು ದೊಡ್ಡ ಮನೆಯ ಎದುರು ನಿಂತ ಆ ಹೆಂಗಸಿನ ಧೈರ್ಯ ಏನಿರಬಹುದು ಎಂದು ನಾವು ಮೂವರೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ.

ಪೊಲೀಸ್ ಬೇಡ, ಆಸ್ಪತ್ರೆಯೂ ಬೇಡ ಎಂದಳು. ಪೊಲೀಸ್ ವಿಷಯ ಆಮೇಲೆ ನೋಡುವ, ಆಸ್ಪತ್ರೆಗೆ ಮಾತ್ರ ಇವತ್ತೇ ಹೋಗುವ ಎಂದು ನಾವು ಹೇಳಿದೆವು. ಇದೊಂದರಲ್ಲಿ ಸ್ವಲ್ಪ ಒತ್ತಾಯ ಮಾಡಿದ್ದು ಹೌದು. ಯಾಕೆಂದರೆ ಇಲ್ಲಿ ಗಂಟೆಯ ಲೆಕ್ಕ ಉಂಟು. ಎಚ್‌ಐವಿ ಬಾರದಂತೆ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದಂತೆ ಮಾಡುವ ತುರ್ತು ಮಾತ್ರೆಯೂ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಒಳಗೆ ಗಾಯ ಆಗಿದ್ದರೆ ಅದಕ್ಕೂ ಔಷಧಿ ಬೇಕು. ಮೈಯ ಮೇಲಿನ ಗುರುತುಗಳನ್ನು ವೈದ್ಯರು ಬರೆದಿಟ್ಟರೆ ನಾಳೆ ಅವಳು ದೂರು ಕೊಡಲು ಮನಸ್ಸು ಮಾಡಿದಾಗ ಉಪಯೋಗಕ್ಕೆ ಬರುತ್ತದೆ. ಮನಸ್ಸು ಮಾಡದಿದ್ದರೆ ನಷ್ಟವೇನಿಲ್ಲ.

ಹೋದ ಆಸ್ಪತ್ರೆಯ ಹೆಸರು ಬೇಡ. ಚೀಟಿ ಬರೆಯುವಲ್ಲಿ ವಿಷಯ ಕೇಳಿದವರು, ಹಿಂದೆ ಸಾಲಿನಲ್ಲಿ ಜನ ಇದ್ದ ಹಾಗೆಯೇ, "ಪೊಲೀಸ್ ಕಾಗದ ತನ್ನಿ, ಮತ್ತೆ ನೋಡುವ" ಎಂದರು. ಅವಳು ತಿರುಗಿ ಬಾಗಿಲಿನ ಕಡೆ ಹೊರಟೇಬಿಟ್ಟಳು. ಒಬ್ಬಳು ಅವಳ ಹಿಂದೆ ಓಡಿದಳು. ಇನ್ನೊಬ್ಬಳು ಫೋನಿನಲ್ಲಿ ಸೆಕ್ಷನ್ ತೆಗೆದು ಕೌಂಟರಿನ ಮೇಲೆ ಇಟ್ಟಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397: ಸರಕಾರಿ ಆಗಲಿ ಖಾಸಗಿ ಆಗಲಿ, ಯಾವ ಆಸ್ಪತ್ರೆಯೂ ಅತ್ಯಾಚಾರಕ್ಕೆ ಒಳಗಾದವರಿಗೆ ಕೂಡಲೇ, ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಕಾಗದ ತರುವುದು ರೋಗಿಯ ಕೆಲಸ ಅಲ್ಲ. ತನಗೆ ಈಗ ಪೊಲೀಸ್ ಕೇಸು ಬೇಡ ಎಂದು ವಯಸ್ಕ ಮಹಿಳೆ ಹೇಳಿದರೆ ಅದನ್ನು ಹಾಗೆಯೇ ಬರೆದುಕೊಂಡು ಚಿಕಿತ್ಸೆ ಕೊಡಬೇಕು. (ಹದಿನೆಂಟು ತುಂಬದ ಮಕ್ಕಳದ್ದು ಬೇರೆ. ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದವರೆಲ್ಲ ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಡುವುದೇ ಅಪರಾಧ. ಮಕ್ಕಳಿಗೆ 1098.)

ಮತ್ತೆ ಒಬ್ಬರು ಲೇಡಿ ಡಾಕ್ಟರ್ ಬಂದರು. ವಯಸ್ಸಾದವರು. ಬಾಗಿಲು ಮುಚ್ಚಿಸಿದರು. ಏನೇನು ಮಾಡುತ್ತೇನೆ ಎಂದು ಮೊದಲೇ ಹೇಳಿ, "ಯಾವುದು ಬೇಡವೋ ಅಲ್ಲಿ ಬೇಡ ಅನ್ನು ಮಗಾ, ನಿಲ್ಲಿಸ್ತೇನೆ" ಎಂದರಂತೆ. ಎರಡು ಬೆರಳಿನ ಪರೀಕ್ಷೆ ಎಂದು ಹಿಂದೆ ಒಂದು ಮಾಡುತ್ತಿದ್ದರು. ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಗೆಳತಿಗೆ ಅದು ಆಗಲಿಲ್ಲ. ಹೊರಗೆ ಬಂದವಳು, "ಆ ಡಾಕ್ಟ್ರು ನನ್ನ ಹತ್ರ ಕೇಳಿ ಕೇಳಿ ಮುಟ್ಟಿದ್ರು" ಎಂದಳು. ಆ ಮಾತಿಗೆ ಎಷ್ಟು ತೂಕ ಎಂದು ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು ವಿಷಯ ಆಮೇಲೆ ತಿಳಿದು ಬೇಸರವಾಯಿತು. ಇಂಥವರಿಗೆಂದೇ ಚಿಕಿತ್ಸೆ, ವಕೀಲರು, ಪೊಲೀಸ್, ಆಪ್ತಸಮಾಲೋಚನೆ ಎಲ್ಲ ಒಂದೇ ಕಡೆ ಸಿಗಲಿ ಎಂದು ಕರ್ನಾಟಕ ಸರಕಾರ ಜಿಲ್ಲೆಗಳಲ್ಲಿ ವಿಶೇಷ ಘಟಕ ಮಾಡಿತ್ತು; ಅದಕ್ಕೆ ಇಟ್ಟ ಹೆಸರೇ "ಗೆಳತಿ". ಈಗ ಕೇಂದ್ರದ "ಸಖಿ" ಕೇಂದ್ರಗಳೂ ಇವೆ. 181ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಎಲ್ಲಿ ಎಂದು ಹೇಳುತ್ತಾರೆ. ಹತ್ತು ವರ್ಷ ಸುದ್ದಿ ಬರೆದ ನಮಗೇ ಅದು ಆ ಬೆಳಿಗ್ಗೆ ತಲೆಗೆ ಬರಲಿಲ್ಲ.

ಈಗ ಪೊಲೀಸ್ ವಿಷಯ. ಅವಳು ಮನಸ್ಸು ಮಾಡಲು ಹನ್ನೊಂದು ದಿನ ತೆಗೆದುಕೊಂಡಳು. ಆ ಹನ್ನೊಂದು ದಿನ ನಾವು ಚೆನ್ನಾಗಿ ನಡೆದುಕೊಂಡೆವು ಎಂದು ಹೇಳಲಾರೆವು. ಅವನು ಪೇಟೆಯಲ್ಲಿ ಆರಾಮವಾಗಿ ಓಡಾಡುವುದು ಕಂಡು ಹೊಟ್ಟೆ ಉರಿಯುತ್ತಿತ್ತು. "ನೀನು ಸುಮ್ಮನಿದ್ದರೆ ನಾಳೆ ಇನ್ನೊಬ್ಬಳಿಗೆ" ಎಂದು ಒಂದು ರಾತ್ರಿ ಹೇಳಿಬಿಟ್ಟೆವು. ಅವಳು ತಣ್ಣಗೆ ಹೇಳಿದಳು: "ಅವನು ಮಾಡುವುದಕ್ಕೂ ನಾನೇ ಕಾರಣವಾ ಈಗ?" ಅಲ್ಲಿಗೆ ನಮ್ಮ ಬಾಯಿ ಮುಚ್ಚಿತು. ಅವನು ಅವಳನ್ನು ಕೇಳದೆ ಮಾಡಿದ. ನಾವೂ ಅವಳನ್ನು ಕೇಳದೆ ಅವಳ ಮುಂದಿನ ದಿನಗಳನ್ನು ನಡೆಸಲು ಹೊರಟಿದ್ದೆವು. ಆ ರಾತ್ರಿಯಿಂದ ಚಾ ಬೇಕಾ ಕಾಫಿ ಬೇಕಾ ಎನ್ನುವುದನ್ನೂ ಅವಳನ್ನೇ ಕೇಳುವುದು ಎಂದು ಮಾಡಿಕೊಂಡೆವು. ನಗಬೇಡಿ. ಏನೂ ತನ್ನ ಕೈಯಲ್ಲಿಲ್ಲ ಎಂದು ಕುಳಿತವಳಿಗೆ ಅದೂ ಒಂದು ನಿರ್ಧಾರವೇ.

ಅಮ್ಮನಿಗೆ ಹೇಳಿದ್ದು ಐದನೆಯ ದಿನ. ಅಮ್ಮ ಅಳಲಿಲ್ಲ, ಸಿಟ್ಟಾದರು, ಮೊದಲು ಮಗಳ ಮೇಲೆ. ಆಮೇಲೆ ನಮ್ಮ ಮೇಲೆ. "ಇನ್ನೊಂದು ಹುಡುಗಿ ಉಂಟು ಮನೆಯಲ್ಲಿ. ನೀವು ನಾಳೆ ಬೇರೆ ನ್ಯೂಸಿಗೆ ಹೋಗ್ತೀರಿ. ನಾವು ಇಲ್ಲೇ ಇರ್ಬೇಕಲ್ಲ ಮಾರಾಯ್ತಿ." ಉತ್ತರ ಇರಲಿಲ್ಲ ನಮ್ಮಲ್ಲಿ. "ಕೇಸು ಹಾಕಿದವರಿಗೆ ಎಂತ ಸಿಕ್ಕಿದೆ, ಹೇಳಿ ನೋಡುವ" ಎಂದೂ ಕೇಳಿದರು. ಅವರ ತಲೆಯಲ್ಲಿದ್ದದ್ದು ಯಾವುದು ಎಂದು ನಮ್ಮ ಮೂರು ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2012ರ ಅಕ್ಟೋಬರಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ ಪಿಯುಸಿ ಹುಡುಗಿಯ ಅತ್ಯಾಚಾರ, ಕೊಲೆ. ಹನ್ನೊಂದು ವರ್ಷ ಹತ್ತಿರವಾಗುವಾಗ, 2023ರ ಜೂನಿನಲ್ಲಿ, ಆರೋಪಿಯೆಂದು ಹಿಡಿದಿದ್ದವನು ಖುಲಾಸೆಯಾದ. ಹಾಗಾದರೆ ಮಾಡಿದವರು ಯಾರು ಎಂದು ಇವತ್ತಿಗೂ ಜನ ಕೇಳುತ್ತಿದ್ದಾರೆ. ಒಂದು ಊರಿನಲ್ಲಿ ನ್ಯಾಯ ಸಿಗದೆ ಹೋದರೆ ಅದರ ನೆರಳು ಪಕ್ಕದ ಊರಿನ ಅಡುಗೆಮನೆಯವರೆಗೆ ಬಂದು ಬೀಳುತ್ತದೆ. ಆ ಅಮ್ಮನನ್ನು ನಾವು ಹೇಗೆ ತಪ್ಪು ಎನ್ನಲಿ?

ಮಾತುಕತೆಯಲ್ಲಿ ಮುಗಿಸುವ ಎಂದು ಹಿರಿಯರೊಬ್ಬರು ಬಂದು ಕೂತದ್ದೂ ಉಂಟು. "ಅವನಿಗೂ ಮದುವೆ ಆಗಿಲ್ಲ, ಇವಳಿಗೂ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಅಮ್ಮ ಒಳಗಿನಿಂದ ಅವರ ಕೊಡೆ ತಂದು ಕೈಗೆ ಕೊಟ್ಟರು. ಅಷ್ಟೇ. ಅತ್ಯಾಚಾರದಲ್ಲಿ ರಾಜಿ ಇಲ್ಲ, ಮದುವೆ ಮಾಡಿಕೊಳ್ಳಿ ಎಂದು ನ್ಯಾಯಾಧೀಶರೂ ಸೂಚಿಸಬಾರದು ಎಂದು 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆ ಅಮ್ಮನಿಗೆ ಗೊತ್ತಿರಲಿಲ್ಲ. ಆ ದಿನದಿಂದ ಅವರು ನಮ್ಮ ಕಡೆ ಬಂದರು.

ಇನ್ನೊಂದು ಮಾತು, ಇದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆವು. ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಕೇಳಿದ ಕೂಡಲೇ "ಅವಳು ಹೇಗಿದ್ದಾಳೆ" ಎಂದು ಯಾರೂ ಕೇಳುವುದಿಲ್ಲ. "ಅವನು ಯಾವ ಕಡೆಯವನು?" ಎಂದು ಕೇಳುತ್ತಾರೆ. ಅವನು ಆ ಧರ್ಮದವನಾದರೆ ಒಂದು ಲೆಕ್ಕ, ನಮ್ಮವನಾದರೆ ಇನ್ನೊಂದು. ಒಂದು ಉತ್ತರಕ್ಕೆ ಮೆರವಣಿಗೆ ಹೊರಡುತ್ತದೆ, ಇನ್ನೊಂದು ಉತ್ತರಕ್ಕೆ ಎಲ್ಲರೂ ಮನೆಗೆ ಹೋಗುತ್ತಾರೆ. ಎರಡರಲ್ಲೂ ಹುಡುಗಿ ಇರುವುದಿಲ್ಲ. ನಮ್ಮ ಹತ್ತಿರ ಕೇಳಿದ ಒಬ್ಬರಿಗೂ ನಾವು ಉತ್ತರ ಕೊಡಲಿಲ್ಲ. ಇಲ್ಲಿಯೂ ಕೊಡುವುದಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ, ತಲೆ ಬಾಚಿಕೊಳ್ಳುತ್ತಾ, "ಇವತ್ತು ಹೋಗುವ" ಎಂದಳು. ನಾವು ಯಾಕೆ ಏನು ಕೇಳಲಿಲ್ಲ. ಯಾವ ಠಾಣೆಗೆ ಬೇಕಾದರೂ ಹೋಗಬಹುದು, ಘಟನೆ ನಡೆದದ್ದು ಬೇರೆ ಠಾಣೆಯ ಗಡಿಯಲ್ಲಾದರೂ ಜೀರೋ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಹೇಳಿಕೆ ಬರೆದುಕೊಳ್ಳುವುದು ಮಹಿಳಾ ಅಧಿಕಾರಿಯೇ. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ. ಈ ಅಪರಾಧದ ದೂರನ್ನು ಬರೆದುಕೊಳ್ಳಲು ನಿರಾಕರಿಸಿದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಎಂದು ಕಾನೂನಿನಲ್ಲೇ ಉಂಟು. ಇದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದೆವು, ಹಾಲ್ ಟಿಕೆಟ್ ಹಿಡಿದ ಮಕ್ಕಳ ಹಾಗೆ. ಚೀಲದಲ್ಲಿ ನೀರಿನ ಬಾಟ್ಲಿ, ಬಿಸ್ಕತ್ತು, ಒಂದು ಶಾಲು, ಪ್ಯಾಡ್, ಫೋನ್ ಚಾರ್ಜರ್. ಇಡೀ ದಿನ ಹಿಡಿಯಿತು. ಶಾಲು ತುಂಬಾ ಉಪಕಾರಕ್ಕೆ ಬಂತು.

ಠಾಣೆಯ ಜಗಲಿಯಲ್ಲಿ ಕೂತಿದ್ದಾಗ ಪರಿಚಯದ ಕಾನ್‌ಸ್ಟೇಬಲ್ ಒಬ್ಬರು ನಗುತ್ತಾ ಬಂದರು. "ಎಂತ ಮೇಡಂ, ನ್ಯೂಸಾ?" ಎಂದರು. ವರ್ಷಗಳಿಂದ ಅದೇ ಜಗಲಿಯಲ್ಲಿ ಅದೇ ಪ್ರಶ್ನೆ. "ಅಲ್ಲ ಸರ್, ನಮ್ಮವಳೊಬ್ಬಳ ಒಟ್ಟಿಗೆ ಬಂದದ್ದು" ಎಂದೆವು. ಅವರ ನಗೆ ಇಳಿಯಿತು. ಒಳಗೆ ಹೋಗಿ ಫ್ಯಾನ್ ಇರುವ ಕಡೆ ಎರಡು ಕುರ್ಚಿ ಹಾಕಿಸಿದರು.

ಸಂಜೆ ರೂಮಿಗೆ ಬಂದು ಫೋನ್ ನೋಡಿದರೆ ತಾಲೂಕಿನ ಪತ್ರಕರ್ತರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೆಸೇಜು: ಒಂದು ರೇಪ್ ಕೇಸ್ ದಾಖಲಾಗಿದೆಯಂತೆ, ಡಿಟೇಲ್ಸ್ ಯಾರಲ್ಲಿ ಉಂಟು? ಡಿಟೇಲ್ಸ್ ಇದ್ದದ್ದು ನಮ್ಮಲ್ಲಿ. ಊರು, ಹೊತ್ತು, ಅವನ ಫೋಟೋ, ಎಲ್ಲ. ಚಾಪೆಯ ಮೇಲೆ ಅವಳು ಮಲಗಿದ್ದಳು, ಎಷ್ಟೋ ದಿನದ ಮೇಲೆ ನಿದ್ದೆ ಬಂದಿತ್ತು. ಸ್ಕ್ರೀನ್ ಬೆಳಕು ಅವಳ ಮುಖಕ್ಕೆ ಬೀಳದ ಹಾಗೆ ಫೋನನ್ನು ಕವುಚಿ ಇಟ್ಟೆವು.

ಅವಳು ಮೊದಲ ದಿನ ಕೇಳಿದ ಪ್ರಶ್ನೆಯ ಕಾರಣ ಈಗ ಹೇಳುತ್ತೇವೆ. ಕೆಲವು ವರ್ಷದ ಹಿಂದೆ ನಾವು ನಾಲ್ಕು ಸಾಲಿನ ಒಂದು ಸುದ್ದಿ ಕಳಿಸಿದ್ದೆವು. "ಯುವತಿಯ ಮಾನಭಂಗ: ಆರೋಪಿ ಬಂಧನ." ಹೆಸರು ಹಾಕಿರಲಿಲ್ಲ, ಅಷ್ಟು ಕಾನೂನು ಗೊತ್ತಿತ್ತು. ಗ್ರಾಮದ ಹೆಸರು ಹಾಕಿದ್ದೆವು, ವಯಸ್ಸು ಹಾಕಿದ್ದೆವು, ಎಂಥ ಅಂಗಡಿಯಲ್ಲಿ ಕೆಲಸಕ್ಕಿದ್ದಳು ಎಂದು ಹಾಕಿದ್ದೆವು, ಅಪ್ಪ ಇಲ್ಲದವಳು ಎಂದೂ ಹಾಕಿದ್ದೆವು, ಓದುವವರಿಗೆ ಮರುಕ ಬರಲಿ ಎಂದು. ಆ ಗ್ರಾಮದಲ್ಲಿ ಆ ವಯಸ್ಸಿನ, ಆ ಕೆಲಸದ, ಅಪ್ಪ ಇಲ್ಲದ ಹುಡುಗಿ ಇದ್ದದ್ದು ಒಬ್ಬಳೇ. ತಿಂಗಳು ಕಳೆದ ಮೇಲೆ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಅವಳ ಅಣ್ಣ ನಮ್ಮನ್ನು ಗುರುತು ಹಿಡಿದು ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆವು. ಬೈಯಲಿಲ್ಲ. "ಹೆಸರೊಂದು ಹಾಕಲಿಲ್ಲ ನೀವು" ಎಂದ. ಅಷ್ಟು ಹೇಳಿ ಬಸ್ಸು ಹತ್ತಿದ. ಆ ಮನೆಯವರು ಊರು ಬಿಟ್ಟರೆಂದು ಆಮೇಲೆ ಕೇಳಿದೆವು. ಈ ಕಥೆ ನಮ್ಮ ಗೆಳತಿಗೆ ಗೊತ್ತಿತ್ತು. ನಾವೇ ಅವಳಿಗೆ ಹೇಳಿಕೊಂಡಿದ್ದೆವು, ಒಮ್ಮೆ ಮನಸ್ಸು ತಡೆಯದೆ.

ಕಾನೂನು ಹೆಸರು ಒಂದನ್ನೇ ಹೇಳುವುದಿಲ್ಲ. ಗುರುತು ಹಿಡಿಯಲು ದಾರಿ ಮಾಡಿಕೊಡುವ ಯಾವುದನ್ನೂ ಪ್ರಕಟಿಸಬಾರದು. ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಎರಡು ವರ್ಷದವರೆಗೆ ಜೈಲು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಪೇಪರಿಗೆ ಮಾತ್ರ ಅಲ್ಲ, ಸ್ಟೇಟಸ್ ಹಾಕುವವರಿಗೂ ಅದೇ ಕಾನೂನು. ಮತ್ತೆ ಆ "ಮಾನಭಂಗ" ಎಂಬ ಪದ. ಮಾನ ಯಾರದ್ದು, ಭಂಗ ಆದದ್ದು ಯಾರಿಗೆ? ಕಳ್ಳತನವಾದರೆ ಮನೆಯವರ ಮಾನ ಹೋಯಿತು ಎಂದು ನಾವು ಬರೆಯುವುದಿಲ್ಲ. ಈಗ ನಾವು ಅತ್ಯಾಚಾರ ಎಂದೇ ಬರೆಯುತ್ತೇವೆ. ಡೆಸ್ಕಿನವರು ಒಮ್ಮೊಮ್ಮೆ ತಿದ್ದುತ್ತಾರೆ, ಫೋನ್ ಮಾಡಿ ಜಗಳ ಮಾಡುತ್ತೇವೆ.

ಆ ಸಂಜೆ ಗುಂಪಿನಲ್ಲಿ ಕೇಳಿದವರಿಗೆ ಫೋನ್ ಮಾಡಿದೆವು. ಹಿರಿಯರು, ನಮಗೆ ಸುದ್ದಿ ಬರೆಯಲು ಕಲಿಸಿದವರು. "ಅಣ್ಣ, ಇದು ನಮ್ಮ ಮನೆಯ ವಿಷಯ ಅಂತ ತಿಳ್ಕೊಳ್ಳಿ" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಅವರ ಪೇಪರಿನಲ್ಲಿ ಬಂದದ್ದು ಎರಡು ಸಾಲು, ತಾಲೂಕಿನ ಹೆಸರು ಬಿಟ್ಟರೆ ಬೇರೆ ಏನಿಲ್ಲ.

ಪೇಪರಿಗಿಂತ ಹೆಚ್ಚಾಗಿ ಅವಳು ಹೆದರಿದ್ದು ಫೋನಿಗೆ. "ಅವನು ವಿಡಿಯೋ ಮಾಡಿರಬಹುದಾ?" ಎಂದು ವಾರಗಟ್ಟಲೆ ಕೇಳುತ್ತಿದ್ದಳು. ಮಾಡಿರಲಿಲ್ಲ. ಆದರೆ ಆ ಹೆದರಿಕೆ ಸುಮ್ಮನೆ ಬಂದದ್ದಲ್ಲ. 2019ರ ಜುಲೈಯಲ್ಲಿ ಪಕ್ಕದ ಪುತ್ತೂರಿನಲ್ಲಿ ಆದದ್ದು ನಿಮಗೂ ನೆನಪಿರಬಹುದು. ಕಾಲೇಜು ವಿದ್ಯಾರ್ಥಿನಿಯ ಮೇಲೆ ತಿಂಗಳುಗಳ ಹಿಂದೆ ನಡೆದ ಸಾಮೂಹಿಕ ಅತ್ಯಾಚಾರದ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಆಮೇಲೆಯೇ ಐವರು ವಿದ್ಯಾರ್ಥಿಗಳ ಬಂಧನವಾದದ್ದು. ವಿಡಿಯೋ ಹಂಚಿದವರನ್ನೂ ಪೊಲೀಸರು ಹಿಡಿದರು. ಮಾಡಿದವರು ಐವರು, ಆ ದಿನಗಳಲ್ಲಿ ಅದನ್ನು ಫೋನಿನಲ್ಲಿ ಇಟ್ಟುಕೊಂಡವರು ಎಷ್ಟು ಮಂದಿ? ಹೋಟೆಲಿನ ಮೇಜಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ತಲೆ ಬಗ್ಗಿಸಿ ನೋಡುತ್ತಿದ್ದದ್ದು ನಾವು ಕಂಡಿದ್ದೇವೆ. ನಮ್ಮ ಫೋನಿಗೂ "ಸುದ್ದಿಗಾಗಿ" ಎಂದು ಬಂದಿತ್ತು. ನಮ್ಮಲ್ಲೊಬ್ಬಳು ತೆರೆದಳು, ಕೂಡಲೇ ಮುಚ್ಚಿದಳು. ತೆರೆದದ್ದು ತೆರೆದದ್ದೇ. ಇಂಥದ್ದು ನಿಮ್ಮ ಫೋನಿಗೆ ಬಂದರೆ ಮುಂದೆ ಕಳಿಸಬೇಡಿ. ಎಚ್ಚರಿಸಲೆಂದು, ಅಯ್ಯೋ ಪಾಪ ಎಂದು ಬರೆದು ಕಳಿಸುವುದೂ ಕಳಿಸಿದ ಹಾಗೆಯೇ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲಿನ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು.

ಎಫ್‌ಐಆರ್ ಆದ ಮೇಲೆ ಎಲ್ಲರೂ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಂಡದ್ದು. ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ, ಮತ್ತೆ ಸ್ಥಳ ಮಹಜರು, ಮತ್ತೆ ಮಂಗಳೂರಿಗೆ ಓಡಾಟ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಫೋನ್ 15100. ಪರಿಹಾರದ ಅರ್ಜಿಯೂ ಅಲ್ಲಿಯೇ. ಅರ್ಜಿ ತುಂಬಿಸುವಾಗ "ಇದಕ್ಕೆ ದುಡ್ಡು ತೆಗೊಂಡ್ರೆ ಜನ ಎಂತ ಹೇಳಿಯಾರು" ಎಂದಳು. ಅಮ್ಮನೇ ಹೇಳಿದರು: "ಕೆಲಸಕ್ಕೆ ಹೋಗದೆ ನಾಲ್ಕು ತಿಂಗಳಾಯ್ತು. ಜನ ಅಕ್ಕಿ ತಂದು ಕೊಟ್ಟಿದ್ದಾರಾ?"

ಆದರೆ ಕಷ್ಟದ್ದು ಈ ಓಡಾಟ ಅಲ್ಲ. ಏನೂ ಆಗದ ದಿನಗಳು. ಯಾವುದೋ ಸೆಂಟಿನ ವಾಸನೆಗೆ ಬಸ್ಸಿನಿಂದ ನಡುದಾರಿಯಲ್ಲಿ ಇಳಿದುಬಿಡುವುದು. ಒಂದು ವಾರ ಚೆನ್ನಾಗಿದ್ದು ಮತ್ತೆ ಮೂರು ದಿನ ಫೋನ್ ಎತ್ತದಿರುವುದು. ನಾವು ನಕ್ಕರೆ ಸಿಟ್ಟು, ನಗದಿದ್ದರೆ "ನನ್ನನ್ನು ರೋಗಿಯ ಹಾಗೆ ನೋಡ್ಬೇಡಿ" ಎಂದು ಸಿಟ್ಟು. ಮೊದಲ ತಿಂಗಳು ಫೋನ್ ಮಾಡುತ್ತಿದ್ದ ಬೇರೆ ಗೆಳತಿಯರು ಆರನೆಯ ತಿಂಗಳಿಗೆ ಇರಲಿಲ್ಲ. ಅವರನ್ನು ದೂರುವುದಿಲ್ಲ, ನಮಗೂ ಸಾಕಾಗಿತ್ತು. ನಮ್ಮಲ್ಲೊಬ್ಬಳಿಗೆ ರಾತ್ರಿ ನಿದ್ದೆ ಹೋಯಿತು. ಯಾರ ಹತ್ತಿರ ಹೇಳುವುದು? ಹೇಳಿದರೆ ಅವಳ ವಿಷಯ ಹೇಳಿದ ಹಾಗೆ. ಕೊನೆಗೆ 14416ಕ್ಕೆ ಫೋನ್ ಮಾಡಿದಳು. ಟೆಲಿ ಮಾನಸ್, ಸರಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ಊರು ಹೆಸರು ಹೇಳಬೇಕಾಗಿಲ್ಲ. ಅವಳು ಮಾತಾಡಿದ್ದು ಕಂಡು ಗೆಳತಿಯೂ ಒಂದು ದಿನ ಮಾಡಿದಳು. ಒಳಗಿನ ಕೋಣೆಯಲ್ಲಿ ಮುಕ್ಕಾಲು ಗಂಟೆ. ಏನು ಮಾತಾಡಿದಳೋ, ನಾವು ಕೇಳಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ಒಬ್ಬರನ್ನು ತಿಂಗಳಿಗೊಮ್ಮೆ ಕಾಣುತ್ತಿದ್ದಾಳೆ.

ಕೇಸು ನ್ಯಾಯಾಲಯದಲ್ಲಿದೆ. ವಿಚಾರಣೆ ಮುಚ್ಚಿದ ಬಾಗಿಲಿನ ಒಳಗೆ ನಡೆಯುತ್ತದೆ, ಅದರ ಬಗ್ಗೆ ಬರೆಯುವ ಹಾಗಿಲ್ಲ. ಹಿಯರಿಂಗ್ ಇದ್ದ ದಿನ ನಾವು ಹೊರಗೆ ಬೆಂಚಿನಲ್ಲಿ ಕೂರುತ್ತೇವೆ. ಒಬ್ಬಳಿಗೆ ಸುದ್ದಿ ಇದ್ದರೆ ಇನ್ನೊಬ್ಬಳು.

ಅವಳು ಸೇರಿಸಲು ಹೇಳಿದ ಒಂದು ಕಡೆ ಎಂದಿದ್ದೆವಲ್ಲ, ಅದು ಇದು. ಹೋದ ತಿಂಗಳು ಇದನ್ನು ಓದಿ ಹೇಳುತ್ತಿದ್ದಾಗ ಅವಳು ತಡೆದಳು. "ಬರೀ ಅತ್ತದ್ದೇ ಬರ್ದಿದ್ದೀರಿ. ಸ್ಕೂಟರ್ ಕಲ್ತದ್ದು ಹಾಕಿ." ಹೌದು, ಬಸ್ಸು ಬೇಡವೆಂದು ನಮ್ಮ ಸ್ಕೂಟರಿನಲ್ಲೇ ಕಲಿತಳು, ಭಾನುವಾರ ಬೆಳಿಗ್ಗೆ, ಶಾಲೆಯೊಂದರ ಮೈದಾನದಲ್ಲಿ. ಎರಡು ಸಲ ಬಿದ್ದಳು. ಬಲಗಡೆಯ ಕನ್ನಡಿ ಒಡೆದದ್ದು ಅವಳೇ. ಇನ್ನೂ ಹಾಕಿಸಿ ಕೊಟ್ಟಿಲ್ಲ.